ಕೋಶಪೊರೆಯ ಚರಿತ್ರೆಯಲ್ಲಿ ಕರುಳಿನ ಪಾಲು

ಕೋಶಪೊರೆಯ ಮೂಲಕ ವಸ್ತುಗಳನ್ನು ದಾಟಿಸುವ ಪ್ರೋಟೀನುಗಳ ಚರಿತ್ರೆಯನ್ನು ಇಂದು ನೊಬೆಲ್ ಪಟ್ಟಿ ಹಿಡಿದು ಹೇಳುವುದೇ ರೂಢಿಯಾಗಿದೆ. 1978ರಲ್ಲಿ ಮಿಚೆಲ್, 1991ರಲ್ಲಿ ನೆಹರ್ ಮತ್ತು ಸಾಕ್‌ಮನ್, 1997ರಲ್ಲಿ ಸ್ಕೋ, 2003ರಲ್ಲಿ ಆಗ್ರೆ ಮತ್ತು ಮೆಕಿನ್ನನ್. ಎಲ್ಲರೂ ದೊಡ್ಡವರೇ, ತಕರಾರಿಲ್ಲ. ಆದರೆ ಈ ಪಟ್ಟಿಯಲ್ಲಿ ಕರುಳಿಗೆ ಜಾಗವಿಲ್ಲ. ರಾಯಚೂರಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಲೇ ತಲೆ ನರೆತಿರುವ ನನಗೆ ಇದು ಸಣ್ಣ ಲೋಪವೆನಿಸುವುದಿಲ್ಲ. 2022ರ ಬೇಸಿಗೆಯ ಕೊನೆಗೆ ಈ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮಗುವೊಂದು ವಾಂತಿ–ಭೇದಿಗೆ ಬಲಿಯಾಯಿತು. ಇಂಥ ಊರುಗಳಿಗೆ ಬೇಕಾದ ಅಧ್ಯಾಯವನ್ನೇ ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸುತ್ತವೆ.

ಆರಂಭದ ಕಥೆ ಚಿಕ್ಕದು. ಪೊರೆಯ ಗುಣ ಕೊಬ್ಬಿನದು ಎಂದು 1890ರ ದಶಕದಲ್ಲಿ ಓವರ್ಟನ್ ಗುರುತಿಸಿದರು. ಅದು ಎರಡು ಪದರದ್ದೆಂದು 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಹೇಳಿದರು. ಕೊಬ್ಬಿನ ಪದರವನ್ನು ಉಪ್ಪಾಗಲಿ ಸಕ್ಕರೆಯಾಗಲಿ ತಾವಾಗಿ ದಾಟಲಾರವು, ದಾಟಿಸುವ ಪ್ರೋಟೀನು ಬೇಕು. 1957ರಲ್ಲಿ ಡೆನ್ಮಾರ್ಕಿನ ಸ್ಕೋ ಏಡಿಯ ನರದಲ್ಲಿ ಸೋಡಿಯಂ ಪಂಪನ್ನು ಗುರುತಿಸಿದರು. ಒಂದು ಎಟಿಪಿ ಖರ್ಚಿಗೆ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ.

ನಿಜವಾದ ತಿರುವು ಬಂದದ್ದು 1960ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ಸಭೆಯೊಂದರಲ್ಲಿ. ಕರುಳಿನ ಕೋಶದೊಳಕ್ಕೆ ಗ್ಲೂಕೋಸ್ ಒಂಟಿಯಾಗಿ ಬರುವುದಿಲ್ಲ, ಸೋಡಿಯಂ ಜೊತೆಗೂಡಿಯೇ ಬರುತ್ತದೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ ಅಲ್ಲಿ ಮಂಡಿಸಿದರು. ಕೋಶದ ಹಿಂಬದಿಯ ಪಂಪು ಸೋಡಿಯಂ ಅನ್ನು ಹೊರಹಾಕುತ್ತಲೇ ಇರುವುದರಿಂದ ಒಳಗೆ ಅದರ ಕೊರತೆ. ಆ ಕೊರತೆ ತುಂಬಲು ಒಳನುಗ್ಗುವ ಸೋಡಿಯಂ ತನ್ನೊಡನೆ ಗ್ಲೂಕೋಸನ್ನೂ ಎಳೆದು ತರುತ್ತದೆ, ಅವೆರಡರ ಹಿಂದೆ ನೀರು ಬರುತ್ತದೆ. ನನ್ನ ಪೀಳಿಗೆಯವರು ಇದನ್ನು ಕೈಯಾರೆ ಮಾಡಿ ಕಲಿತೆವು. ಇಲಿಯ ಸಣ್ಣಕರುಳಿನ ತುಂಡನ್ನು ಗಾಜಿನ ಕಡ್ಡಿಯ ಮೇಲೆ ಒಳಮೈ ಹೊರಗಾಗುವಂತೆ ಮಗುಚಿ, ಎರಡೂ ತುದಿಗೆ ದಾರ ಕಟ್ಟಿ, ಆಮ್ಲಜನಕ ಗುಳುಗುಳಿಸುವ ದ್ರಾವಣದಲ್ಲಿ ಇಡುತ್ತಿದ್ದೆವು. ಚೀಲದೊಳಗೆ ಗ್ಲೂಕೋಸ್ ಹೊರಗಿಗಿಂತ ಹೆಚ್ಚಾಗುತ್ತಾ ಹೋಗುತ್ತಿತ್ತು. ದ್ರಾವಣದಿಂದ ಸೋಡಿಯಂ ತೆಗೆದರೆ ಆ ಏರಿಕೆ ನಿಂತೇಹೋಗುತ್ತಿತ್ತು. ಇಷ್ಟು ಸ್ಪಷ್ಟವಾಗಿ ಮಾತನಾಡುವ ಪ್ರಯೋಗ ಇನ್ನೊಂದನ್ನು ನಾನು ಕಂಡಿಲ್ಲ. ಅದನ್ನು ಪ್ರಯೋಗಾಲಯಗಳು ಕೈಬಿಟ್ಟದ್ದು ನಷ್ಟವೇ.

ಈ ಕಥೆಯ ಇನ್ನೊಂದು ಎಳೆ ಕೋಲ್ಕತ್ತದ್ದು. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾ ರೋಗಿಗಳಿಗೆ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ಫಲ ಕಂಡಿದ್ದರು. ಏಕೆ ಫಲಿಸಿತೆಂಬುದು ಆಗ ತಿಳಿಯದ್ದರಿಂದ ಯಾರೂ ಕಿವಿಗೊಡಲಿಲ್ಲ. 1959ರಲ್ಲಿ ಶಂಭುನಾಥ ಡೇ ಕಾಲರಾದ ವಿಷವನ್ನು ಮೊಲದ ಕರುಳಿನಲ್ಲಿ ತೋರಿಸಿಕೊಟ್ಟರು. ಅವರಿಗೂ ನೊಬೆಲ್ ಬರಲಿಲ್ಲ, ಕ್ರೇನ್‌ಗೂ ಬರಲಿಲ್ಲ. ಆ ವಿಷ ಕ್ಲೋರೈಡ್ ಹಾದಿಯನ್ನು ತೆರೆದಿಟ್ಟು ನೀರು ಸುರಿದುಹೋಗುವಂತೆ ಮಾಡುತ್ತದೆ. ಆದರೆ ಗ್ಲೂಕೋಸ್–ಸೋಡಿಯಂ ಜೋಡಿಯನ್ನು ಒಯ್ಯುವ ಪ್ರೋಟೀನನ್ನು ಅದು ಮುಟ್ಟುವುದಿಲ್ಲ. ಭೇದಿಯಾದವರಿಗೆ ಕುಡಿಸುವ ಉಪ್ಪು–ಗ್ಲೂಕೋಸ್ ದ್ರಾವಣವಾದ ಓಆರ್‌ಎಸ್ ನಿಂತಿರುವುದು ಈ ಒಂದೇ ಸಂಗತಿಯ ಮೇಲೆ. 1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಇದನ್ನು ರೋಗಿಗಳಲ್ಲಿ ಸಾಬೀತುಪಡಿಸಿದರು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟ್ಲಿ ಮುಗಿದಾಗ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ದ್ರಾವಣ ತುಂಬಿ, ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಸೋಡಿಯಂ–ಗ್ಲೂಕೋಸ್ ನಂಟಿನ ಶೋಧ ಬಹುಶಃ ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಎಂದು 1978ರಲ್ಲಿ ‘ಲ್ಯಾನ್ಸೆಟ್’ ಬರೆಯಿತು.

ಆ ಪ್ರೋಟೀನು ಕೈಗೆ ಸಿಕ್ಕಿದ್ದು 1987ರಲ್ಲಿ. ಅರ್ನೆಸ್ಟ್ ರೈಟ್ ಬಳಗ ಮೊಲದ ಕರುಳಿನ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿ, ಯಾವ ಮೊಟ್ಟೆ ಸಕ್ಕರೆ ಹೀರುತ್ತದೆಂದು ನೋಡುತ್ತಾ ಅದರ ಜೀನನ್ನು ಹಿಡಿಯಿತು. ಅದೇ ಎಸ್‌ಜಿಎಲ್‌ಟಿ1. ಪ್ರತಿ ಸುತ್ತಿನಲ್ಲೂ ಎರಡು ಸೋಡಿಯಂ, ಒಂದು ಗ್ಲೂಕೋಸ್. ಮುಂದಿನದು ರಚನೆಯ ಚಿತ್ರಗಳ ಕಾಲ. ಚಿತ್ರಗಳು ಸುಂದರವಾಗಿವೆ, ಆದರೆ ಕೃಶವಾದ ಮಗುವಿನ ಕರುಳು ಏನು ಮಾಡುತ್ತದೆಂದು ಅವು ಹೇಳಲಾರವು. ಆ ದಿಕ್ಕಿನ ಕೆಲಸ ನಡೆದದ್ದು ವೆಲ್ಲೂರಿನಂಥ ಕಡೆ: ಪಿಷ್ಟ ಬೆರೆಸಿದ ಓಆರ್‌ಎಸ್ ದೊಡ್ಡಕರುಳಿನ ಹೀರುವಿಕೆಯನ್ನೂ ಬಳಸಿಕೊಳ್ಳುತ್ತದೆಂದು ರಾಮಕೃಷ್ಣ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅದಕ್ಕೆ ಸಿಗಬೇಕಾದ ಮುಂದುವರಿಕೆ ಸಿಗಲಿಲ್ಲ. ಹಣವೂ ಹೆಸರೂ ಮೂತ್ರಪಿಂಡದ ಸೋದರ ಪ್ರೋಟೀನಾದ ಎಸ್‌ಜಿಎಲ್‌ಟಿ2ರ ಕಡೆ ಹೋದವು. ಅದನ್ನು ತಡೆಯುವ ಸಕ್ಕರೆ ಕಾಯಿಲೆಯ ಮಾತ್ರೆ ಈಗ ರಾಯಚೂರಿನ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಒಳ್ಳೆಯ ಔಷಧಿಯೇ. ಆದರೆ ಕರುಳಿನ ಪ್ರೋಟೀನು ಬಡವರ ಕಾಯಿಲೆಗೆ ಸೇರಿದ್ದು, ಅದಕ್ಕೆ ಪ್ರಚಾರ ಮಾಡುವವರಿಲ್ಲ.

ಈ ಮರೆವಿನ ಫಲ ನಮ್ಮ ಕಣ್ಣೆದುರಿಗೇ ಇದೆ. ಭೇದಿಯಾದವರನ್ನು ಕರೆತಂದವರ ಮೊದಲ ಮಾತು, ‘ಡಾಕ್ಟ್ರೇ, ಒಂದ್ ಬಾಟ್ಲಿ ಏರ್ಸಿಬಿಡ್ರಿ.’ ತೀರ ನಿತ್ರಾಣವಾದವರಿಗೆ ಸಲೈನ್ ಬೇಕೇ ಬೇಕು, ಉಳಿದ ಬಹುಪಾಲು ಜನರಿಗೆ ಕುಡಿಸಿದರೆ ಸಾಕು. ಮಾನ್ವಿ ಸೀಮೆಯಲ್ಲಿ, ಕಾಲುವೆ ನೀರನ್ನು ಕೆರೆಗೆ ತುಂಬಿಸಿ ಕುಡಿಯುವ ಊರೊಂದರಲ್ಲಿ, ಒಂದು ಲೀಟರಿನ ಪೊಟ್ಟಣವನ್ನು ಒಂದೇ ಗ್ಲಾಸಿಗೆ ಸುರಿದು ಮಗುವಿಗೆ ಕುಡಿಸುತ್ತಿದ್ದ ತಾಯಿಯನ್ನು ಕಂಡಿದ್ದೇನೆ. ಅಷ್ಟು ಉಪ್ಪು ಮಗುವಿಗೆ ಅಪಾಯ. ಇನ್ನು ಕೆಲವರು ತಂಪು ಪಾನೀಯ ಕುಡಿಸುತ್ತಾರೆ. ಓಆರ್‌ಎಸ್‌ನ ಒಂದು ಲೀಟರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಕೋಲಾದಲ್ಲಿ ಸಕ್ಕರೆಯೇ 100 ಗ್ರಾಂ ದಾಟುತ್ತದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಜೋಡಿಯಿಲ್ಲದೆ ಉಳಿದ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸಿಹಿ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಅಚ್ಚು ಹಾಕುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ತಡೆದದ್ದು 2025ರ ಅಕ್ಟೋಬರ್‌ನಲ್ಲಿ. ಆ ಆದೇಶ ಬಹಳ ತಡವಾಗಿ ಬಂತು.

ದೇವದುರ್ಗ, ಮಾನ್ವಿಯ ಪಿಯು ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವ ಗೆಳೆಯರಲ್ಲಿ ನನ್ನ ವಿನಂತಿ: ಪೊರೆಯ ಪಾಠವನ್ನು ಕಪ್ಪುಹಲಗೆಯ ಚಿತ್ರದಲ್ಲಿ ಮುಗಿಸಬೇಡಿ. ತರಗತಿಗೆ ಒಂದು ಪೊಟ್ಟಣ ಓಆರ್‌ಎಸ್ ಮತ್ತು ಲೀಟರ್ ಅಳತೆಯ ಪಾತ್ರೆ ತನ್ನಿ, ಮಕ್ಕಳ ಕೈಯಲ್ಲೇ ಕಲೆಸಿಸಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಕಾಯಿಸಿ ಆರಿಸಿದ್ದು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಬೇಕು. ಸಣ್ಣ ಮಕ್ಕಳಿಗೆ ಜೊತೆಗೆ 14 ದಿನ ಜಿಂಕ್ ಮಾತ್ರೆ.