ಮುಂಗಡ ಕೊಡುವ ಮುನ್ನ: ಮನೆ ನಿವೇಶನದ ಪರಿಶೀಲನೆ

ಗಡಿನಾಡಿನ ನಮ್ಮವರ ಮನೆಮಾತು ಕನ್ನಡ. ಕೊಳ್ಳುವ ಜಾಗದ ದಾಖಲೆ ಮಾತ್ರ ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿಯಲ್ಲಿ. ದಲ್ಲಾಳಿ ಓದಿ ಹೇಳಿದ್ದನ್ನು ನಂಬಿ ಸಹಿ ಹಾಕಿ, ಆಮೇಲೆ ಅಲ್ಲಿ ಮನೆ ಕಟ್ಟುವಂತಿಲ್ಲ ಎಂದು ತಿಳಿದರೆ ಕೂಡಿಟ್ಟ ಹಣ ಮಣ್ಣುಪಾಲು. ದಾಖಲೆಯಲ್ಲಿ ಹುಡುಕಬೇಕಾದ ಕೆಲವು ಪದಗಳನ್ನೂ ಜಾಗದಲ್ಲಿ ನೋಡಬೇಕಾದ ಸಂಗತಿಗಳನ್ನೂ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದೆ.

ಕಾಸರಗೋಡು, ವಯನಾಡು: ದಾಖಲೆಯಲ್ಲಿ 'ನಿಲಂ' ಎಂದಿದ್ದರೆ ಗದ್ದೆ, 'ಪುರಯಿಡಂ' ಎಂದಿದ್ದರೆ ಹಿತ್ತಲು. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದು ಕೃಷಿಭವನದಲ್ಲಿ ವಿಚಾರಿಸಿ. ಮಣ್ಣು ತುಂಬಿಸಿದ ಮಾತ್ರಕ್ಕೆ ಗದ್ದೆ ಹಿತ್ತಲಾಗುವುದಿಲ್ಲ.

ಹೊಸೂರು, ತಾಳವಾಡಿ: ಪಟ್ಟಾ, ಸರ್ವೆ ನಕ್ಷೆ ಮತ್ತು 'ವಿಲ್ಲಂಗ' (ಋಣಭಾರ) ಪತ್ರ ಮೂರನ್ನೂ ತಾಳೆ ನೋಡಿ. 'ಪುರಂಬೋಕ್ಕು' ಎಂದಿದ್ದರೆ ಸರ್ಕಾರಿ ಜಾಗ. ಬಡಾವಣೆಗೆ ಅನುಮೋದನೆ ಇದೆ ಎಂಬ ಬಾಯಿಮಾತು ಸಾಲದು. ಅನುಮೋದಿತ ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರ್ ಕಾಣಬೇಕು.

ಸೋಲಾಪುರ, ಅಕ್ಕಲಕೋಟೆ, ಜತ್ತ: ಸಾತಬಾರಾ ಉತಾರದಲ್ಲಿ 'ಇತರ ಹಕ್ಕ' ಕಾಲಂ ಓದಿಸಿ, ಸಾಲ, ಗೇಣಿಯ ವಿವರ ಅಲ್ಲಿರುತ್ತದೆ. 'ಭೋಗವಟಾದಾರ ವರ್ಗ-2' ಎಂದಿದ್ದರೆ ಅನುಮತಿಯಿಲ್ಲದೆ ಮಾರುವಂತಿಲ್ಲ. ಸಾಗುವಳಿ ಜಮೀನು 'ಅಕೃಷಿಕ' ಆಗಿದೆಯೇ ಎಂಬುದನ್ನೂ ಕೇಳಿ.

ಆದವಾನಿ, ರಾಯದುರ್ಗ, ಮಡಕಶಿರಾ: ನೋಂದಣಿ ಕಚೇರಿಯ 22-ಎ ನಿಷೇಧಿತ ಪಟ್ಟಿಯಲ್ಲಿ ಸರ್ವೆ ನಂಬರ್ ಇರಬಾರದು. ಸರ್ಕಾರ ಬಡವರಿಗೆ ಹಂಚಿದ 'ಅಸೈನ್ಡ್' ಜಮೀನನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಅಳತೆ: 1 ಸೆಂಟ್ ಎಂದರೆ 435.6 ಚದರಡಿ, 1 ಗುಂಟೆ ಎಂದರೆ 1,089 ಚದರಡಿ, ಅಂದರೆ ಎರಡೂವರೆ ಸೆಂಟ್. ಕಾಗದದ ಅಳತೆಯನ್ನು ಸರ್ವೇಯರ್ ಕರೆಸಿ ನೆಲದ ಮೇಲೆ ಅಳೆಸಿ.

ನೆಲ, ನೀರು, ದಾರಿ: ಜಾಗವನ್ನು ಮಳೆಗಾಲದಲ್ಲಿ ಒಮ್ಮೆ ನೋಡಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ಸೋಲಾಪುರ, ಆದವಾನಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದಕ್ಕೆ ತಕ್ಕ ಅಡಿಪಾಯ ಹಾಕದಿದ್ದರೆ ಗೋಡೆಯೂ ಬಿರುಕು ಬಿಡುತ್ತದೆ. ಆದ್ದರಿಂದ ಗುಂಡಿ ತೋಡಿಸಿ ಮಣ್ಣು ಪರೀಕ್ಷೆ ಮಾಡಿಸಿ, ಅಡಿಪಾಯದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕೇರಳದಲ್ಲಿ ಬಾವಿಗೂ ಶೌಚದ ಇಂಗುಗುಂಡಿಗೂ 7.5 ಮೀಟರ್ ಅಂತರ ಬೇಕು. ಐದು ಸೆಂಟಿನ ಸೈಟಿನಲ್ಲಿ ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿದರೆ ಮನೆಗೆ ಉಳಿಯುವ ಜಾಗ ಎಷ್ಟೆಂದು ತಿಳಿಯುತ್ತದೆ. ಓಡಾಡುವ ದಾರಿ ರೂಢಿಯಲ್ಲಿದ್ದರೆ ಸಾಲದು, ಪತ್ರದಲ್ಲೂ ಇರಬೇಕು. ತಲೆಯ ಮೇಲೆ ಹೈಟೆನ್ಶನ್ ತಂತಿ ಹಾದಿದೆಯೇ ನೋಡಿ.

ಕೊನೆಯದಾಗಿ, ಮಾರುವವರಿಗೆ ಸಂಬಂಧಪಡದ, ಆ ರಾಜ್ಯದ ಭಾಷೆ ಬಲ್ಲ ವಕೀಲರಿಂದ ಪತ್ರಗಳನ್ನು ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿ ತಿಳಿಯಿರಿ. ಕಟ್ಟಡ ಪರವಾನಗಿ ಸಿಗದಿದ್ದರೆ ಮುಂಗಡ ಹಿಂದಿರುಗಿಸಬೇಕು ಎಂಬ ಸಾಲನ್ನು ಕರಾರಿನಲ್ಲಿ ಬರೆಸಿ. ಅದಕ್ಕೆ ಒಪ್ಪದವರ ಸೈಟನ್ನು ಕೊಳ್ಳುವ ಮುನ್ನ ಇನ್ನೊಮ್ಮೆ ಯೋಚಿಸಿ.