ಕುಡುಗೋಲಿನಂತೆ ಬಾಗಿದ ರಕ್ತಕಣ

1904ರ ಡಿಸೆಂಬರಿನಲ್ಲಿ ಷಿಕಾಗೊ ನಗರದ ಆಸ್ಪತ್ರೆಯೊಂದಕ್ಕೆ ಇಪ್ಪತ್ತು ವರ್ಷದ ತರುಣನೊಬ್ಬ ಕೆಮ್ಮು, ಜ್ವರಗಳಿಂದ ನರಳುತ್ತ ಬಂದ. ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್. ವೆಸ್ಟ್ ಇಂಡೀಸಿನ ಗ್ರೆನೇಡ ದ್ವೀಪದವನು, ದಂತವೈದ್ಯ ಕಲಿಯಲು ಅಮೆರಿಕಕ್ಕೆ ಬಂದಿದ್ದವನು. ಅವನ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ದುಂಡಗಿರಬೇಕಾದ ಕೆಂಪುಕಣಗಳಲ್ಲಿ ಕೆಲವು ಕುಡುಗೋಲಿನಂತೆ ಬಾಗಿ ನೀಳವಾಗಿದ್ದುವು. 1910ರಲ್ಲಿ ವೈದ್ಯ ಜೇಮ್ಸ್ ಹೆರಿಕ್ ಇದನ್ನು ಪ್ರಕಟಿಸಿದರು. ವರದಿಯಲ್ಲಿ ರೋಗಿಯ ಹೆಸರಿಲ್ಲ, ಜನಾಂಗವಿದೆ. ಮುಂದಿನ ತಪ್ಪು ತಿಳಿವಳಿಕೆಯೆಲ್ಲ ಇಲ್ಲಿಂದಲೇ ಮೊದಲಾಯಿತೆಂದು ನನಗೆ ತೋರುತ್ತದೆ. ನೋಯೆಲ್ ಊರಿಗೆ ಮರಳಿ ದಂತವೈದ್ಯನಾಗಿ ದುಡಿದು 1916ರಲ್ಲಿ ತೀರಿಕೊಂಡ.

ಇದು ಕರಿಯರ ರಕ್ತದ ದೋಷವೆಂದೇ ಅಮೆರಿಕದ ವೈದ್ಯರು ಬಹುಕಾಲ ನಂಬಿದರು. ಬಿಳಿಯನೊಬ್ಬನಲ್ಲಿ ಅದು ಕಂಡರೆ, ರೋಗಕ್ಕಿಂತ ಅವನ ವಂಶದ ಮೇಲೆಯೇ ಸಂಶಯ!

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ನಿನಲ್ಲಿ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನ ವರ್ನನ್ ಇನ್‌ಗ್ರಾಮ್ ಅದರ ನೆಲೆಯನ್ನೇ ಹಿಡಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಕೊಂಡಿಗಳುಂಟು; ಆರನೆಯದು ಮಾತ್ರ ಬದಲಾಗಿದೆ, ಗ್ಲುಟಾಮಿಕ್ ಆಮ್ಲದ ಸ್ಥಾನದಲ್ಲಿ ವ್ಯಾಲೀನ್. ಅಷ್ಟಕ್ಕೇ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ನೂಲಾಗಿ, ಕಣವನ್ನು ಬಾಗಿಸುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ ಎರಡು ಮೂರು ವಾರಗಳಲ್ಲೇ ಸಾಯುತ್ತದೆ; ಕಿರಿಯ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾರದ ನೋವನ್ನು ತರುತ್ತದೆ.

ಇತ್ತ 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದೇ ಲಕ್ಷಣವನ್ನು ಕಂಡರು. ಗ್ರೀಸ್ ದೇಶದಲ್ಲಿಯೂ ಅದು ಕಂಡಿತ್ತು. ಆಫ್ರಿಕ, ಗ್ರೀಸ್, ನೀಲಗಿರಿ: ಇವಕ್ಕೆ ಸಾಮಾನ್ಯವಾದದ್ದು ಯಾವುದು? ಮೈಬಣ್ಣವಂತೂ ಅಲ್ಲ. ಕೀನ್ಯಾದಲ್ಲಿ ಬೆಳೆದ ಆಂಟನಿ ಆಲಿಸನ್ 1954ರಲ್ಲಿ ಉತ್ತರ ಹೇಳಿದರು: ಮಲೇರಿಯ. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಈ ಗುಣವನ್ನು ಪಡೆದ ಮಗುವಿಗೆ ಮಾರಕ ಮಲೇರಿಯದಿಂದ ಬಹುಮಟ್ಟಿಗೆ ರಕ್ಷಣೆಯುಂಟು. ಇಬ್ಬರಿಂದಲೂ ಪಡೆದದ್ದು ರೋಗಿಯಾಗುತ್ತದೆ. ಸೊಳ್ಳೆಯಿದ್ದ ನಾಡುಗಳಲ್ಲಿ ಈ ಗುಣ ಉಳಿದುಬಂದದ್ದು ಹೀಗೆ.

ಮೈಸೂರು, ಚಾಮರಾಜನಗರ, ಕೊಡಗು ಸೀಮೆಯ ಗಿರಿಜನರಲ್ಲೂ ಇದುಂಟು. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿರ್ಮೂಲನ ಯೋಜನೆಯಲ್ಲಿ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯಿತ್ತು. ಆದರೆ ಪರೀಕ್ಷೆಯ ಚೀಟಿ ಕೈಗೆ ಬಂದಾಗ ಹಳೆಯ ಸಂಶಯ ಹೊಸ ರೂಪದಲ್ಲಿ ತಲೆಯೆತ್ತುವುದುಂಟು: ಹೆಣ್ಣಿನ ಚೀಟಿ ನೋಡಿ ಸಂಬಂಧ ಮುರಿಯುವವರಿದ್ದಾರೆ. ಒಂದೇ ಪಾಲು ಪಡೆದವಳು ರೋಗಿಯಲ್ಲ. ಗಂಡನಲ್ಲೂ ಅದೇ ಗುಣವಿದ್ದರೆ ಮಾತ್ರ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಈ ರೋಗದ ಸಂಭವವುಂಟು. ಆದ್ದರಿಂದ ನೋಡಬೇಕಾದದ್ದು ಒಂದು ಚೀಟಿಯನ್ನಲ್ಲ, ಎರಡನ್ನು.