ಮೂರು ಅಕ್ಷರದ ಪಾಠ: ಪಿಐಡಿ ಫೈಲಿನ ಚರಿತ್ರೆಗೊಂದು ತಿದ್ದುಪಡಿ

ಯುನಿಕ್ಸ್‌ನ ಡೀಮನ್ನನ್ನು ‘ದೆವ್ವ’ ಎಂದು ಕನ್ನಡಿಸುವವರನ್ನು ಕ್ಷಮಿಸಬಹುದು. ತುಳುವರ ಭೂತಗಳನ್ನು ಡೆವಿಲ್ ಎಂದು ಕರೆದ ಎ.ಸಿ. ಬರ್ನೆಲ್‌ನ ತಪ್ಪನ್ನೇ ಅವರು ತಿರುವುಮುರುವಾಗಿ ಮಾಡಿದ್ದಾರೆ, ಅಷ್ಟೆ. ಕ್ಷಮಿಸಲಾಗದ್ದು ಇನ್ನೊಂದಿದೆ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಅಂದರೆ ಡೀಮನ್, ತನ್ನ ಪ್ರೋಸೆಸ್ ಸಂಖ್ಯೆಯನ್ನು ಬರೆದಿಡುವ ಪಿಐಡಿ ಫೈಲು, ಎರಡನೆಯ ಪ್ರತಿ ಓಡದಂತೆ ಜಡಿದ ಬೀಗವೆಂಬ ವಿವರಣೆ ಅದು. ಫೈಲಿದ್ದರೆ ಪ್ರೋಗ್ರಾಮ್ ಇದೆ ಎಂದು ನಂಬಿದ ಇನಿಟ್ ಸ್ಕ್ರಿಪ್ಟ್‌ಗಳ ರೂಢಿಯಿಂದ ಈ ಓದು ಹುಟ್ಟಿದೆ. ಮೂಲಪಾಠ ಹೇಳುವುದೇ ಬೇರೆ.

2004ರ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ 2.3ರಲ್ಲಿ ಎರಡು ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸಾಧನಗಳ ಬೀಗದ ಫೈಲಿನಲ್ಲಿ ಸಂಖ್ಯೆಗೆ ಹತ್ತು ಸ್ಥಾನ, ಕೊನೆಗೊಂದು ಹೊಸಸಾಲಿನ ಗುರುತು: 1230 ಎಂದು ಬರೆಯಲು ಮುಂದೆ ಆರು ಖಾಲಿ ಜಾಗ ಬಿಟ್ಟು ಒಟ್ಟು 11 ಅಕ್ಷರ. ಪಿಐಡಿ ಫೈಲಿಗೆ ಈ ಬಿಗಿಯಿಲ್ಲ. ಕ್ರಾನ್ ಡೀಮನ್ನಿನ ಸಂಖ್ಯೆ 25 ಆಗಿದ್ದರೆ ಎರಡು, ಐದು, ಹೊಸಸಾಲು, ಮೂರೇ ಅಕ್ಷರ. ಮೇಲಾಗಿ, ಓದುವ ಪ್ರೋಗ್ರಾಮ್ ಹೆಚ್ಚುವರಿ ಖಾಲಿ ಜಾಗ, ಮುಂದಿನ ಸೊನ್ನೆ, ಹೆಚ್ಚಿನ ಸಾಲುಗಳನ್ನು ಲೆಕ್ಕಿಸಬಾರದೆಂಬ ಸೂಚನೆಯೂ ಇದೆ. ಎರಡಕ್ಕೂ ಡೈರೆಕ್ಟರಿ ಬೇರೆ, ಬರವಣಿಗೆಯ ಕ್ರಮ ಬೇರೆ. ಒಂದೇ ಕೆಲಸಕ್ಕಾಗಿದ್ದರೆ ಈ ಭೇದ ಏಕೆ? ಇನ್ನೂ ಹಿಂದಕ್ಕೆ, 1986ರ 4.3ಬಿಎಸ್‌ಡಿಗೆ ಹೋದರೆ ಉತ್ತರ ಸಿಗುತ್ತದೆ. ಅದರ ಸಿಸ್‌ಲಾಗ್ ಡೀಮನ್ನಿನ ಕೈಪಿಡಿ ಪಿಐಡಿ ಫೈಲಿನ ಉಪಯೋಗವನ್ನು ನೇರವಾಗಿ ಹೇಳಿದೆ: ಡೀಮನ್ನನ್ನು ಕೊಲ್ಲುವುದಕ್ಕೆ, ಇಲ್ಲವೇ ಸಂರಚನೆಯನ್ನು ಮತ್ತೆ ಓದಿಸುವುದಕ್ಕೆ. ಹುಟ್ಟಿಸಿದ ತಾಯಿ ಪ್ರೋಸೆಸ್ಸು ಹೊರಟುಹೋಗಿ 1ನೇ ಸಂಖ್ಯೆಯ ಇನಿಟ್ ದತ್ತು ತೆಗೆದುಕೊಂಡ ಮೇಲೆ, ಸಿಗ್ನಲ್ ಕಳಿಸಬೇಕಾದವರಿಗೆ ಸಂಖ್ಯೆ ತಿಳಿಯಬೇಕಲ್ಲ. ಅಂದರೆ ಇದು ವಿಳಾಸದ ಚೀಟಿ.

ಫ್ರೀಬಿಎಸ್‌ಡಿಯ ಪಿಡ್‌ಫೈಲ್ ಲೈಬ್ರರಿ ಇದೇ ಫೈಲಿಗೆ ಬೀಗ ಹಾಕುತ್ತದಲ್ಲ ಎಂಬ ಆಕ್ಷೇಪವಿದೆ. ಈ ಪಕ್ಷದಲ್ಲಿ ಉತ್ತರ ಕೊಡಲು ಯೋಗ್ಯವಾದದ್ದು ಇದೊಂದೇ. ಹೌದು, ಹಾಕುತ್ತದೆ. ಆದರೆ ಅಲ್ಲಿ ತಡೆಯುವುದು ತೆರೆದಿಟ್ಟ ಫೈಲಿನ ಮೇಲೆ ಕರ್ನೆಲ್ ಹಿಡಿದ ಬೀಗ. ಒಳಗಿನ ಸಂಖ್ಯೆಯನ್ನು ಅಳಿಸಿದರೂ ಅದು ಸಡಿಲವಾಗದು, ಪ್ರೋಸೆಸ್ ಸತ್ತ ಕ್ಷಣ ತಾನೇ ಬಿಡುತ್ತದೆ. ಬರಿಯ ಸಂಖ್ಯೆಗೆ ಆ ಗುಣವಿಲ್ಲ. ಹೆಗ್ಗನಹಳ್ಳಿಯ ಬಾಡಿಗೆ ವಠಾರದಲ್ಲಿ ಮನೆ ನಂಬರ್ ಅದೇ ಇದ್ದು ಬಾಡಿಗೆದಾರ ಬದಲಾದರೆ ಹಳೆಯ ವಿಳಾಸದ ಕಾಗದ ಹೊಸಬನ ಕೈಗೆ ಸೇರುತ್ತದೆ. ಲಿನಕ್ಸ್‌ನಲ್ಲಿ ಸಂಖ್ಯೆಗಳ ಸಾಂಪ್ರದಾಯಿಕ ಮಿತಿ 32768. ಅದು ಮುಗಿದರೆ ಎಣಿಕೆ ಕೆಳಗಿನಿಂದ ಮತ್ತೆ ಶುರು. ‘ಕಿಲ್ ಸೊನ್ನೆ’ಯಿಂದ ಪರೀಕ್ಷಿಸುತ್ತೇವೆ ಎನ್ನುವವರು, ಆ ಮನೆಯಲ್ಲಿ ಯಾರೋ ಇದ್ದಾರೆಂದಷ್ಟೇ ತಿಳಿಯುತ್ತಾರೆ, ಯಾರೆಂದು ತಿಳಿಯುವುದಿಲ್ಲ. ಕರೆಂಟು ಹೋಗಿ ಉಳಿದ ಹಳೆಯ ಫೈಲಿನ ಮಾತು ಕೇಳಿ ಸಂಬಂಧವಿಲ್ಲದ ಪ್ರೋಸೆಸ್ಸನ್ನು ಕೊಲ್ಲುವುದು ಹೀಗೆಯೇ. ಬೂಟ್ ಆಗುವಾಗ ಪಿಐಡಿ ಫೈಲುಗಳ ಡೈರೆಕ್ಟರಿಯನ್ನು ಬರಿದು ಮಾಡಬೇಕೆಂದು ಮೇಲಿನ ಮಾನದಂಡವೇ ವಿಧಿಸಿದೆ (ಬೀಗವಾದಿಗಳು ಈ ವಾಕ್ಯವನ್ನು ಎಂದೂ ಉಲ್ಲೇಖಿಸುವುದಿಲ್ಲ).

2019ರಲ್ಲಿ ಲಿನಕ್ಸ್ 5.1 ಸಂಖ್ಯೆಯ ಬದಲು ಪಿಡ್‌ಎಫ್‌ಡಿ ಎಂಬ ಹಿಡಿಕೆಯ ಮೂಲಕ ಸಿಗ್ನಲ್ ಕಳಿಸುವ ದಾರಿ ತೆರೆಯಿತು. ಹಿಡಿಕೆ ಬೇಕಾದದ್ದು ಸಂಖ್ಯೆ ಕೈಕೊಡುತ್ತಿದ್ದುದರಿಂದಲೇ. ಸಿಸ್ಟಮ್‌ಡಿಯಲ್ಲಿಯೂ ಪಿಐಡಿ ಫೈಲನ್ನು ಕೇಳುವುದು ಮುಖ್ಯವಾಗಿ ‘ಫೋರ್ಕಿಂಗ್’ ಬಗೆಯ ಸೇವೆಗಳಿಗೆ: ತಾಯಿ ಹೊರಟುಹೋಗಿ, ಮಗುವಿನ ಗುರುತು ಬೇರೆಯವರು ಕೇಳಿ ತಿಳಿಯಬೇಕಾದ ಕಡೆ.